ಊರಿಗೊಂದು ವಸ್ತುಸಂಗ್ರಹಾಲಯ: ಎರಡು ಕೋಣೆಯಲ್ಲಿ ಊರಿನ ಚರಿತ್ರೆ ಉಳಿಸುವ ಬಗೆ

ನಮ್ಮದು ಎರಡು ಕೋಣೆಯ ವಸ್ತುಸಂಗ್ರಹಾಲಯ. ಉಡುಪಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಹಂಚಿನ ಕಟ್ಟಡ, ಮುಂದೆ ಉದ್ದದ ಜಗಲಿ, ಪಕ್ಕದಲ್ಲೊಂದು ಬಾವಿ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುತ್ತೇವೆ. ಸಂಬಳಕ್ಕೆ ಯಾರೂ ಇಲ್ಲ. ನಿವೃತ್ತರಾದ ಇಬ್ಬರು ಟೀಚರ್, ಒಬ್ಬರು ಅಂಗಡಿಯವರು, ಕಾಲೇಜಿಗೆ ಹೋಗುವ ನಾಲ್ಕು ಮಕ್ಕಳು, ಮತ್ತೆ ನಾನು.

ಈಗೀಗ ಅಕ್ಕಪಕ್ಕದ ಊರಿನವರು ಬರುತ್ತಾರೆ. "ನಾವೂ ಒಂದು ಮಾಡ್ಬೇಕಂತ ಇದ್ದೇವೆ, ಎಲ್ಲಿಂದ ಶುರು ಮಾಡುವುದು ಮಾರಾಯ್ರೆ?" ಅಂತ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಕಪಾಟು ಕೊಳ್ಳುವ ಮೊದಲು ಒಂದು ಪುಸ್ತಕ ಕೊಳ್ಳಿ. ದಪ್ಪ ರಟ್ಟಿನ, ಹೊಲಿದು ಬೈಂಡು ಮಾಡಿದ, ಪುಟ ಕಿತ್ತರೆ ಗೊತ್ತಾಗುವಂಥ ಪುಸ್ತಕ. ಹಳೆ ಮನೆ ಕೆಡವುವಾಗ ಗುಜರಿಯವರು ತೂಕಕ್ಕೆ ಒಯ್ಯುವ ತಾಮ್ರದ ಹಂಡೆಗೂ ನಮ್ಮ ಕೋಣೆಯಲ್ಲಿರುವ ಹಂಡೆಗೂ ತಾಮ್ರದಲ್ಲಿ ವ್ಯತ್ಯಾಸ ಏನೂ ಇಲ್ಲ. ನಮ್ಮ ಹಂಡೆ ಯಾರ ಮನೆಯದು, ಆ ಮನೆಗೆ ಹೇಗೆ ಬಂತು, ಯಾವ ಬಚ್ಚಲಲ್ಲಿತ್ತು ಅನ್ನುವುದು ಪುಸ್ತಕದಲ್ಲಿದೆ. ಆ ಪುಸ್ತಕ ಇಲ್ಲದಿದ್ದರೆ ನಮ್ಮದೂ ಗುಜರಿಯೇ.

ಹಂತ 1: ಬೇರೆಯವರದ್ದು ನೋಡಿ ಬನ್ನಿ, ನಿಮ್ಮದೇನು ಅಂತ ಗುರುತಿಸಿ

ಎರಡು ದಿನ ಬಿಡುವು ಮಾಡಿಕೊಂಡು ಸುತ್ತಾಡಿ. ಶಿಲ್ಪ, ನಾಣ್ಯ ಎಲ್ಲ ನೋಡಲು ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ ಇದೆ. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಅಲೋಶಿಯಂ ಸಂಗ್ರಹಾಲಯ 1913ರಿಂದ ಇದೆ. ಹಳೆ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದ್ದನ್ನು ನೋಡಬೇಕಾದರೆ ಮಣಿಪಾಲದ ಹಸ್ತಶಿಲ್ಪಕ್ಕೆ ಹೋಗಿ. ಅದು ವಿಜಯನಾಥ ಶೆಣೈ ಅವರ ಜೀವಮಾನದ ಕೆಲಸ. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕಿನ ವಸ್ತುಸಂಗ್ರಹಾಲಯವನ್ನಂತೂ ಬಿಡಲೇಬೇಡಿ. ಒಬ್ಬ ಮೇಷ್ಟ್ರು ಮನಸ್ಸು ಮಾಡಿದರೆ ಎಷ್ಟು ಆಗುತ್ತದೆ ಅಂತ ಅಲ್ಲಿ ಕಾಣುತ್ತದೆ.

ನೋಡಿ ಬಂದ ಮೇಲೆ ಕೂತು ಯೋಚಿಸಿ. ಅಲ್ಲೆಲ್ಲ ಇಲ್ಲದ್ದು ನಮ್ಮ ಊರಿನಲ್ಲಿ ಏನಿದೆ? ಸುಮ್ನೆ "ಹಳೆ ವಸ್ತು" ಅಂತ ಶುರು ಮಾಡಿದರೆ ಹತ್ತು ಮನೆಯಿಂದ ಹತ್ತು ಕಡೆಯುವ ಕಲ್ಲು ಬರುತ್ತದೆ. ಕಡಲ ಬದಿಯ ಊರಾದರೆ, ದಡದಿಂದ ಜನ ಸೇರಿ ಎಳೆಯುವ ರಂಪಣಿ ಬಲೆಯ ಕತೆ ಇದೆ. 1970ರ ದಶಕದಲ್ಲಿ ಯಂತ್ರದ ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಹೇಗೆ ಹಿಂದೆ ಸರಿಯಿತು ಅಂತ ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಹೊಳೆ ಬದಿಯ ಊರಾದರೆ ಹಂಚಿನ ಕಾರ್ಖಾನೆ, ಓಡ (ದೋಣಿ), ನೆರೆ. ನಾವು ನಾಲ್ಕು ವಿಷಯ ಆರಿಸಿಕೊಂಡೆವು: ಗದ್ದೆ, ಶಾಲೆ, ಮನೆ ಕಟ್ಟುವ ಸಾಮಾನು, ಮುಂಬೈಗೆ ಹೋದವರು. ಇವಕ್ಕೆ ಸೇರದ್ದು ಎಷ್ಟೇ ಚಂದ ಇದ್ದರೂ ಕೈಮುಗಿದು ವಾಪಸು ಕಳಿಸುತ್ತೇವೆ.

ಮನೆ ಕಟ್ಟುವ ಸಾಮಾನು ಅಂದಾಗ ಒಂದು ಉದಾಹರಣೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಒಂದಾದ ಮೇಲೊಂದು ಕಾರ್ಖಾನೆ ಬಂದವು. ಹಂಚನ್ನು ಮಗುಚಿ ನೋಡಿ. ಕಾರ್ಖಾನೆಯ ಹೆಸರೋ ಗುರುತೋ ಒತ್ತಿರುತ್ತದೆ. ಊರಿನಲ್ಲಿ ಮನೆ ಕೆಡವುವ ಸುದ್ದಿ ಬಂದರೆ ನಾವು ಹೋಗಿ ಒಂದೇ ಒಂದು ಹಂಚು ಕೇಳಿ ತರುತ್ತೇವೆ. ಜೊತೆಗೆ ಆ ಮನೆಯ ನಾಲ್ಕು ಬದಿಯ ಫೋಟೋ. ಹಂಚಿಗೆ ದುಡ್ಡು ಬೇಡ, ಜಾಗ ಜಾಸ್ತಿ ಬೇಡ, ಹುಳ ಹಿಡಿಯುವುದಿಲ್ಲ. ಯಾವ ಮನೆಗೆ ಯಾವ ಕಾರ್ಖಾನೆಯ ಹಂಚು ಬಂತು ಅನ್ನುವ ಪಟ್ಟಿ ತಾನಾಗಿ ಬೆಳೆಯುತ್ತದೆ.

ಹಂತ 2: ಯಾವುದನ್ನು ಮುಟ್ಟಬಾರದು

ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಒಳ್ಳೆ ಮನಸ್ಸಿನಿಂದ ಮಾಡಿದ್ದೇ ಕೇಸಾಗಬಹುದು.

ಹಳೆ ಮನೆಯವರು ಜಿಂಕೆ ಕೊಂಬು, ಚಿರತೆ ಚರ್ಮ ಕೊಡಲು ಬರುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಕೈಗೆ ತೆಗೆದುಕೊಳ್ಳಬೇಡಿ, ಅರಣ್ಯ ಇಲಾಖೆಯಲ್ಲಿ ಕೇಳಲು ಹೇಳಿ. ಅಜ್ಜನ ಕೋವಿಗೂ ಲೈಸೆನ್ಸ್ ಬೇಕಾಗುತ್ತದೆ, ಹಾಳಾದ ಕೋವಿ ಅಂತ ನೀವೇ ತೀರ್ಮಾನಿಸಬೇಡಿ.

ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯವಾಗುತ್ತದೆ. ಹಸ್ತಪ್ರತಿಯಾದರೆ 75 ವರ್ಷ ಸಾಕು. ಶಿಲ್ಪ, ಚಿತ್ರ, ಚಿತ್ರ ಇರುವ ಹಸ್ತಪ್ರತಿಯಂಥವನ್ನು ನೋಂದಾಯಿಸಬೇಕು. ಗದ್ದೆ ಅಗೆಯುವಾಗ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಅದಕ್ಕೆ ಕರ್ನಾಟಕದಲ್ಲಿ 1962ರ ಕಾನೂನೇ ಇದೆ. ವೀರಗಲ್ಲು, ಶಾಸನ ಕಂಡರೆ ಟೆಂಪೋ ತರಬೇಡಿ. ಕಲ್ಲು ಇದ್ದ ಜಾಗವೇ ಅದರ ಅರ್ಧ ಚರಿತ್ರೆ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ. ಪುರಾತತ್ವ ಇಲಾಖೆಗೆ ಪತ್ರ ಬರೆಯಿರಿ.

ಇನ್ನು ದೈವದ ವಸ್ತು. ಮೊಗ (ಮುಖವಾಡ), ಕಡ್ತಲೆ (ಖಡ್ಗ), ಗಗ್ಗರ (ಕಾಲಿನ ಗೆಜ್ಜೆ). ಇವು ನಮ್ಮ ಕಡೆ ಹಳೆ ವಸ್ತುಗಳಲ್ಲ, ನಡೆಯುತ್ತಿರುವ ವಸ್ತುಗಳು. ಮನೆಯವರು ಕೊಡುತ್ತೇನೆ ಅಂದರೂ ಊರಿನವರನ್ನು, ದೈವದ ಚಾಕರಿಯವರನ್ನು, ದೈವ ಕಟ್ಟುವವರನ್ನು ಕೇಳದೆ ತರಬಾರದು. ನಮ್ಮಲ್ಲಿ ಒಂದೂ ಇಲ್ಲ. ಫೋಟೋ ಕೂಡ ಒಪ್ಪಿಗೆ ಸಿಕ್ಕಿದ್ದು ಮಾತ್ರ ಇದೆ. ಇದರಿಂದ ಕೋಣೆಗೆ ಏನೂ ಕಡಿಮೆಯಾಗಿಲ್ಲ.

ಹಂತ 3: ಏಳು ಜನ, ಒಂದು ಕಾಗದ

ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಮಾಡಿಸಿ. ವಸ್ತುಗಳು ಒಬ್ಬರ ಹೆಸರಿನಲ್ಲಿದ್ದರೆ ಅವರ ಕಾಲದ ನಂತರ ಮಕ್ಕಳ ಪಾಲಿಗೆ ಹೋಗುತ್ತವೆ. ಸಂಘ ಮುಚ್ಚಿದರೆ ಸಂಗ್ರಹ ಎಲ್ಲಿಗೆ ಹೋಗಬೇಕು ಅಂತ ನಿಯಮಾವಳಿಯಲ್ಲೇ ಬರೆದುಬಿಡಿ.

ವಸ್ತು ತೆಗೆದುಕೊಳ್ಳುವಾಗ ಒಂದು ಪುಟದ ದಾನಪತ್ರ ಬೇಕೇ ಬೇಕು. ಕೊಟ್ಟವರ ಹೆಸರು, ವಿಳಾಸ, ವಸ್ತುವಿನ ವಿವರ, "ಇದನ್ನು ಪೂರ್ತಿಯಾಗಿ ಸಂಗ್ರಹಾಲಯಕ್ಕೆ ಕೊಟ್ಟಿದ್ದೇನೆ" ಅನ್ನುವ ವಾಕ್ಯ, ಎರಡೂ ಕಡೆಯ ಸಹಿ, ಆಗುವುದಾದರೆ ಮನೆಯ ಇನ್ನೊಬ್ಬರ ಸಹಿಯೂ. "ಇರಲಿ, ಇಟ್ಟುಕೊಳ್ಳಿ, ಆಮೇಲೆ ನೋಡುವ" ಅನ್ನುವ ಮಾತಿಗೆ ಒಪ್ಪಬೇಡಿ. ನಾವು ಮೊದಲ ವರ್ಷ ಒಪ್ಪಿದ್ದೆವು. ಎರಡು ವರ್ಷ ಕಳೆದು ಆ ಮನೆಯ ಮೊಮ್ಮಗ ಬಂದು ಹಿತ್ತಾಳೆಯ ತೂಗುದೀಪ ವಾಪಸು ಕೇಳಿದ. ನಮ್ಮ ಹತ್ತಿರ ಕಾಗದ ಇರಲಿಲ್ಲ, ಕೊಟ್ಟೆವು. ಅದೇ ತಿಂಗಳು ಅದು ಮಾರಾಟವಾಯಿತು ಅಂತ ಗೊತ್ತಾದಾಗ ತುಂಬ ಬೇಜಾರಾಯಿತು. ದೀಪಕ್ಕಿಂತ ಜಾಸ್ತಿ, ಕೊಟ್ಟ ಅಜ್ಜಿಯ ಮುಖ ನೆನಪಾಗಿ.

ಹಂತ 4: ಪುಸ್ತಕದಲ್ಲಿ ಬರೆಯುವುದು

ಇಲ್ಲಿ ಅವಸರ ಮಾಡಬೇಡಿ. ವಸ್ತು ಬಂದ ದಿನವೇ ಬರೆಯಬೇಕು. ನಾಳೆ ಅಂದರೆ ಅರ್ಧ ಮರೆತುಹೋಗುತ್ತದೆ.

ಪ್ರತಿ ವಸ್ತುವಿಗೆ ಒಂದು ನಂಬರು. 2022.31.1 ಅಂದರೆ 2022ನೇ ಇಸವಿ, ಆ ವರ್ಷದ 31ನೇ ದಾನ, ಅದರಲ್ಲಿ ಮೊದಲ ವಸ್ತು. ಒಮ್ಮೆ ಕೊಟ್ಟ ನಂಬರು ಬೇರೆ ಯಾವುದಕ್ಕೂ ಮತ್ತೆ ಕೊಡಬಾರದು. ಈ ನಂಬರಿನದು ಒಂದು ಕಳಸೆ. ಭತ್ತ, ಅಕ್ಕಿ ಅಳೆಯುವ ಮರದ ಪಾತ್ರೆ. ನಮ್ಮ ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಪುಸ್ತಕದಲ್ಲಿ ಮೊದಲ ದಿನ ಹೀಗೆ ಬರೆದಿದ್ದೆವು:

"ಕಳಸೆ. ಮರ, ಬಾಯಿಗೆ ಕಬ್ಬಿಣದ ಪಟ್ಟಿ. ಪಟ್ಟಿ ಒಂದು ಕಡೆ ಬಿಟ್ಟಿದೆ. ಅಡಿಯಲ್ಲಿ ಸುಟ್ಟ ಗುರುತು, ಅಕ್ಷರ ಓದಲು ಬರುವುದಿಲ್ಲ. ಒಳಮೈ ನಯವಾಗಿ ಸವೆದಿದೆ. ಕೊಟ್ಟ ಮನೆಯ ಅಟ್ಟದಲ್ಲಿತ್ತು. ಬಳಸಿದವರು: ಕೊಟ್ಟವರ ಅಜ್ಜ, ಅಜ್ಜಿ. ಮಾಡಿದವರು: ಗೊತ್ತಿಲ್ಲ. ತುಳುವಿನಲ್ಲಿ ಏನನ್ನುತ್ತಾರೆ: ಕಳಸೆ."

ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಬರೆಯಿರಿ. ಬಂದ ದಿನ ಹೇಗಿತ್ತೋ ಹಾಗೇ ನಾಲ್ಕು ಬದಿಯಿಂದ ಫೋಟೋ ತೆಗೆಯಿರಿ. ಅಕ್ಷರ ತಿದ್ದುವುದಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ. ಬಿಳಿ ಬಣ್ಣ ಬಳಿಯಬೇಡಿ. ಕಂಪ್ಯೂಟರಿನಲ್ಲೂ ಇರಲಿ, ಆದರೆ ಕಾಗದದ ಪುಸ್ತಕವೇ ಮೂಲ.

"ಮಾಡಿದವರು" ಅನ್ನುವ ಕಲಂ ಮೇಲೆ ನನಗೆ ಪ್ರೀತಿ ಜಾಸ್ತಿ. ಹಳೆ ಮನೆಯಲ್ಲಿ ಕೇಳಿದರೆ ಬುಟ್ಟಿ ಯಾರ ಮನೆಯದು ಅಂತ ಹೇಳುತ್ತಾರೆ, ಹೆಣೆದವರು ಯಾರು ಅಂತ ಹೇಳುವುದಿಲ್ಲ. ನಮ್ಮ ಕಡೆ ಬೀಳಿನ (ಕಾಡುಬಳ್ಳಿಯ) ಬುಟ್ಟಿ ಹೆಣೆದವರು ಕೊರಗ ಸಮುದಾಯದವರು. ಅವರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ಸರಕಾರ 2000ನೇ ಇಸವಿಯಲ್ಲಿ ಕಾಯ್ದೆ ತಂದು ನಿಷೇಧಿಸಬೇಕಾಯಿತು. ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನಿನ ಮನೆಯ, ಪತ್ತಾಯ (ಭತ್ತದ ಕಣಜ) ಇಟ್ಟು, ಅದಕ್ಕೆ ಭತ್ತ ಬೆಳೆದವರ, ಬುಟ್ಟಿ ಹೆಣೆದವರ ಹೆಸರು ಬಿಟ್ಟರೆ ಅದು ಊರಿನ ಚರಿತ್ರೆ ಅಲ್ಲ, ಒಂದು ಮನೆಯ ಚರಿತ್ರೆ. ಹೆಣೆಯುವವರ ಮನೆಗೆ ಹೋಗಿ ಕೇಳಿ. ಅವರ ಬಗ್ಗೆ ಏನು ಬರೆಯಬೇಕು ಅಂತ ಅವರೇ ಹೇಳಲಿ. ಬುಟ್ಟಿ ಬೇಕಾದರೆ ಸರಿಯಾದ ಬೆಲೆ ಕೊಟ್ಟು ಹೊಸತು ಹೆಣೆಸಿ.

ವಸ್ತುವಿನ ಮೇಲೆ ನಂಬರು ಹಾಕುವ ಕ್ರಮ: ಮರ, ಲೋಹ, ಮಣ್ಣಿನ ವಸ್ತುವಾದರೆ ಕಾಣದ ಜಾಗದಲ್ಲಿ ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟನ್ನು ಅಸಿಟೋನಿನಲ್ಲಿ ಕರಗಿಸಿ ಒಂದು ಸಣ್ಣ ಪಟ್ಟಿ ಬಳಿಯಿರಿ. ಒಣಗಿದ ಮೇಲೆ ಅದರ ಮೇಲೆ ಕಪ್ಪು ಶಾಯಿಯಲ್ಲಿ ನಂಬರು, ಅದರ ಮೇಲೆ ಇನ್ನೊಂದು ಪಟ್ಟಿ. ಬೇಡ ಅಂದಾಗ ಅಸಿಟೋನಿನಿಂದ ತೆಗೆಯಬಹುದು. ಈ ಅಂಟು ಸಿಗದಿದ್ದರೆ ಹತ್ತಿಯ ದಾರದಲ್ಲಿ ರಟ್ಟಿನ ಚೀಟಿ ಕಟ್ಟಿ. ಕಾಗದ, ಫೋಟೋಕ್ಕೆ ಹಿಂಬದಿ ಮೂಲೆಯಲ್ಲಿ 2ಬಿ ಪೆನ್ಸಿಲ್. ಬಟ್ಟೆಗೆ ಹತ್ತಿಯ ಪಟ್ಟಿಯಲ್ಲಿ ಬರೆದು ನಾಲ್ಕು ಹೊಲಿಗೆ. ಅಂಟಿಸುವ ಸ್ಟಿಕ್ಕರ್ ಮಾತ್ರ ಬೇಡವೇ ಬೇಡ.

ಹಂತ 5: ಮಳೆಗಾಲ ದಾಟಿಸುವುದು

ಪುಸ್ತಕದಲ್ಲಿ ಓದಿದ ನಿಯಮಗಳು ನಮ್ಮ ಕರಾವಳಿಗೆ ಬಂದರೆ ಸೋಲುತ್ತವೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಅದು 85, 90. ಹಂಚಿನ ಮಾಡಿನ ಕೋಣೆಯಲ್ಲಿ ತೇವ ಹೀರುವ ಯಂತ್ರ ಇಟ್ಟು ಪ್ರಯೋಜನ ಇಲ್ಲ. ಹಂಚಿನ ಸಂದಿಯಿಂದ ಗಾಳಿ ಬರುತ್ತಲೇ ಇರುತ್ತದೆ ಅಲ್ವಾ.

ಮೊದಲ ಮಳೆಗಾಲ ನಮಗೆ ಒಂದು ಆಲ್ಬಂ ಹೋಯಿತು. ಮರದ ಕಪಾಟನ್ನು ಪಡು ಗೋಡೆಗೆ ತಾಗಿಸಿ ಇಟ್ಟಿದ್ದೆವು. ಮಳೆ ಹೊಡೆಯುವುದು ಪಡುವಿನಿಂದ, ಗೋಡೆ ಮುರಕಲ್ಲಿನದು (ಕೆಂಪುಕಲ್ಲು), ನೀರು ಕುಡಿದು ಕೂತಿತ್ತು. ಆಗಸ್ಟಿನಲ್ಲಿ ಬಾಗಿಲು ತೆಗೆದರೆ ಒಂದು ಮದುವೆಯ ಹದಿನೆಂಟು ಫೋಟೋಗಳ ಮೇಲೆ ಬಿಳಿ ಬೂಷ್ಟು. ಮದುಮಗಳ ಮುಖವೇ ಹೋಗಿತ್ತು. ಆ ಫೋಟೋಗಳ ಬೇರೆ ಪ್ರತಿ ಎಲ್ಲೂ ಇಲ್ಲ. ಈಗಲೂ ಆ ಮನೆಯವರನ್ನು ದಾರಿಯಲ್ಲಿ ಕಂಡರೆ ನನಗೆ ಸಂಕಟ ಆಗುತ್ತದೆ.

ಆಮೇಲೆ ಕಲಿತದ್ದು ಇಷ್ಟು. ಪಡು ಗೋಡೆಗೆ ಏನನ್ನೂ ಇಡುವುದಿಲ್ಲ. ಎಲ್ಲ ಕಪಾಟುಗಳೂ ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಅರ್ಧ ಅಡಿ ಎತ್ತರ. ಪಡು ಜಗಲಿಗೆ ಅಜ್ಜಂದಿರು ಮಾಡುತ್ತಿದ್ದ ಹಾಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತೇವೆ. ಮಾಡಿನ ಒಡೆದ ಹಂಚು, ಕಸ ಕಟ್ಟಿದ ಅಗಳು, ಗೆದ್ದಲು ಹತ್ತಿದ ರೀಪು, ಇದನ್ನೆಲ್ಲ ಪತ್ತನಾಜೆಯ (ಮೇ ಕೊನೆಗೆ ಬರುವ ತುಳು ಆಚರಣೆಯ ದಿನ) ಒಳಗೆ ನೋಡಿ ಮುಗಿಸುತ್ತೇವೆ. ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನಾವು ಏಣಿ ಇಳಿಯುತ್ತೇವೆ. ಬೆಳಕಿಗೆಂದು ಹಾಕಿದ ಗಾಜಿನ ಹಂಚಿನ ಕೆಳಗೆ ಬಟ್ಟೆ, ಫೋಟೋ ಇಡಬೇಡಿ. ಬಿಸಿಲಿನ ಕೋಲು ದಿನಾ ಒಂದೇ ಜಾಗಕ್ಕೆ ಬಿದ್ದು ಬಣ್ಣ ತಿನ್ನುತ್ತದೆ.

ಕಾಗದ ಮತ್ತು ಫೋಟೋ ಇಡಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಸಾಕು. ಅಡಿಯಲ್ಲಿ ತ್ರಿಕೋನದೊಳಗೆ 5 ಅಂತ ಇರುವ ಡಬ್ಬ ತನ್ನಿ. ಒಳಗೆ ಸಿಲಿಕಾ ಜೆಲ್. ನೀಲಿ ಬಣ್ಣದ್ದು ಬೇಡ, ಕಿತ್ತಳೆ ಬಣ್ಣದ್ದು ಕೇಳಿ. ಬಣ್ಣ ಬದಲಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಒಂದು ಗುಟ್ಟು ಹೇಳುತ್ತೇನೆ: ಡಬ್ಬ ಮುಚ್ಚುವ ಕೆಲಸವನ್ನು ಜನವರಿ, ಫೆಬ್ರವರಿಯಲ್ಲಿ ಮಾಡಿ. ಆಗ ಕಾಗದ ತಾನಾಗಿ ಒಣಗಿರುತ್ತದೆ. ಜೂನ್‌ನಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ತೇವ ತೋರಿಸುವ ಸಣ್ಣ ಮೀಟರು ಪ್ರತಿ ಡಬ್ಬದೊಳಗೆ ಒಂದಿರಲಿ. ವಾರಕ್ಕೊಮ್ಮೆ ನೋಡಿ ಬರೆಯಿರಿ.

ಮರದ ಕೆಳಗೆ ಹಿಟ್ಟಿನಂಥ ಹುಡಿ ಕಂಡರೆ ಕುಟ್ಟೆ (ಮರ ಕೊರೆಯುವ ಹುಳ) ಹಿಡಿದಿದೆ ಅಂತ ಅರ್ಥ. ಆ ವಸ್ತುವನ್ನು ಕೂಡಲೇ ಬೇರೆ ಕೋಣೆಗೆ ಒಯ್ಯಿರಿ. ಹೊಸದಾಗಿ ಬಂದ ವಸ್ತುವನ್ನೂ ಒಂದು ತಿಂಗಳು ಬೇರೆಯೇ ಇಡಿ. ನಾವು ಐಸ್‌ಕ್ರೀಮ್ ಇಡುವ ಹಳೆ ಡೀಪ್ ಫ್ರೀಜರ್ ಒಂದನ್ನು ತಂದಿದ್ದೇವೆ. ಬುಟ್ಟಿ, ಬಟ್ಟೆ, ಸಣ್ಣ ಮರದ ವಸ್ತುವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಇಡುತ್ತೇವೆ. ಹೊರಗೆ ತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬಾರದು, ಬಿಚ್ಚಿದರೆ ಮೈ ಬೆವರುತ್ತದೆ. ಬಣ್ಣ ಬಳಿದ ಮರ, ಗಾಜು, ಫೋಟೋ ಇದಕ್ಕೆ ಹಾಕಬೇಡಿ. ನುಸಿಗುಳಿಗೆಯನ್ನು ನಾವು ಬಿಟ್ಟೇ ಬಿಟ್ಟೆವು, ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುವವರ ಆರೋಗ್ಯಕ್ಕೆ ಅದು ಒಳ್ಳೆಯದಲ್ಲ.

ಸ್ವಚ್ಛ ಮಾಡುವ ಆಸೆಯೇ ದೊಡ್ಡ ಅಪಾಯ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹುಳಿ ಹಾಕಿ ತಿಕ್ಕಬೇಡಿ. ಪಾತ್ರೆಯ ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು ತಿಕ್ಕಿ ತಿಕ್ಕಿಯೇ ಮಾಯವಾಗುವುದು. ಅಟ್ಟದಿಂದ ಇಳಿದ ಮರಕ್ಕೆ ಒಲೆಯ ಮಸಿ ಹಿಡಿದಿರುತ್ತದೆ, ಅದೂ ಆ ಮನೆಯ ಅಡುಗೆಕೋಣೆಯ ಗುರುತು. ಮೆತ್ತಗಿನ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ವಾರ್ನಿಶ್, ಗೇರೆಣ್ಣೆ, ತೆಂಗಿನೆಣ್ಣೆ ಯಾವುದೂ ಬೇಡ.

ಅಕ್ಕಿ ಮುಡಿ ಮಾತ್ರ ಬೇರೆ ವಿಷಯ. ಬೈಹುಲ್ಲಿನಲ್ಲಿ ಕಟ್ಟಿದ ಮುಡಿಯನ್ನು ಎಷ್ಟು ಜತನ ಮಾಡಿದರೂ ಇಲಿ, ಹುಳ ಬಿಡುವುದಿಲ್ಲ. ನಾವು ಮುಡಿಯನ್ನು ಉಳಿಸುವ ಬದಲು ಮುಡಿ ಕಟ್ಟುವುದನ್ನು ಉಳಿಸಲು ತೀರ್ಮಾನಿಸಿದೆವು. ವರ್ಷಕ್ಕೊಮ್ಮೆ ಊರಿನ ಹಿರಿಯರೊಬ್ಬರು ಜಗಲಿಯಲ್ಲಿ ಕೂತು ಹೊಸ ಮುಡಿ ಕಟ್ಟುತ್ತಾರೆ. ಹುಲ್ಲು ಹರಡುವುದು, ಅಕ್ಕಿ ಸುರಿಯುವುದು, ಹಗ್ಗ ಬಿಗಿಯುವುದು, ಮರದ ಕೊಡತಿಯಲ್ಲಿ ಬಡಿದು ದುಂಡಗೆ ಮಾಡುವುದು. ಇಬ್ಬರು ಹುಡುಗರು ಈಗ ಕಲಿತಿದ್ದಾರೆ. ಹಳೆ ಮುಡಿ ಬಿಚ್ಚಿದ ಅಕ್ಕಿಯಲ್ಲಿ ಅವತ್ತು ಗಂಜಿ.

ಹಂತ 6: ಕಾಗದ, ಫೋಟೋ

ನಮ್ಮ ಜಿಲ್ಲೆಯ ಮನೆಗಳ ಟ್ರಂಕಿನಲ್ಲಿ ಏನಿರುತ್ತದೆ ಗೊತ್ತಾ? ಗೇಣಿ ಚೀಟಿ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿಯ (ವರ್ಷ ವರ್ಷದ ಗೇಣಿ) ಕರಾರು. ಮದ್ರಾಸು ಸರಕಾರದ ಮುದ್ರೆ ಇರುವ ಕಾಗದ, ಯಾಕೆಂದರೆ 1956ರ ತನಕ ನಾವು ಮದ್ರಾಸಿನವರು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದಾಗ, ಗೇಣಿಯ ಭೂಮಿ ತನ್ನದಾಗಲಿ ಅಂತ ಒಕ್ಕಲು ಕೊಟ್ಟ ಡಿಕ್ಲರೇಶನ್ನಿನ ಪ್ರತಿ. ಮುಂಬೈ ಹೋಟೆಲಿನಿಂದ ಮಗ ಕಳಿಸಿದ ಮನಿಯಾರ್ಡರಿನ ತುಂಡು. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನವರು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪಿಗ್ಮಿ ಉಳಿತಾಯದ ಪಾಸ್‌ಬುಕ್ಕು. ಇವನ್ನು ಜನ ಕಸ ಅಂತ ಸುಡುತ್ತಾರೆ. ಮನೆ ಕ್ಲೀನ್ ಮಾಡುವ ಮೊದಲು ನಮ್ಮನ್ನು ಕರೆಯಿರಿ ಅಂತ ಊರಿಡೀ ಹೇಳಿಡಿ.

ಕಾಗದಕ್ಕೆ ಲ್ಯಾಮಿನೇಶನ್, ಸೆಲ್ಲೋಟೇಪು ಬೇಡ. ಎರಡೂ ವಾಪಸು ತೆಗೆಯಲಾಗದ ಹಾನಿ. ತುಕ್ಕು ಹಿಡಿದ ಪಿನ್ನು ಮೆಲ್ಲಗೆ ತೆಗೆಯಿರಿ. ಗಾಜಿಗೆ ಅಂಟಿಕೊಂಡ ಫೋಟೋ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಓಲೆಗರಿ ಬಂದರೆ ಎಣ್ಣೆ ಸವರುವ ಪ್ರಯೋಗ ಮಾಡದೆ, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ತಿಳಿದವರಿಗೆ ತೋರಿಸಿ. ಲಕ್ನೋದಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ.

ಮನೆಯವರು ಮೂಲ ಕೊಡಲು ಒಪ್ಪದಿದ್ದರೆ ಒತ್ತಾಯ ಬೇಡ. ಸ್ಕ್ಯಾನರ್ ಹಿಡಿದು ಅವರ ಮನೆಗೇ ಹೋಗಿ. ಫೋಟೋಕ್ಕೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯದ್ದಾದರೆ 1200. ಟಿಫ್ ಕಡತ ಇಟ್ಟುಕೊಳ್ಳಲು, ಜೆಪೆಗ್ ಹಂಚಲು. ಮೂರು ಪ್ರತಿ ಬೇಕು, ಒಂದು ಬೇರೆ ಊರಿನಲ್ಲಿ. ನಮ್ಮ ಮೂರನೆಯ ಡಿಸ್ಕು ಮುಂಬೈಯಲ್ಲಿರುವ ಊರಿನವರೊಬ್ಬರ ಮನೆಯಲ್ಲಿದೆ. ಭೂಮಿಯ ವ್ಯಾಜ್ಯ, ಪಾಲುಪಟ್ಟಿಯ ಕಾಗದಗಳನ್ನು ಮನೆಯವರ ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸಬಾರದು.

ಹಂತ 7: ಮಾತು

ಆ ಕಳಸೆಯ ಕತೆಗೆ ವಾಪಸು ಬರುತ್ತೇನೆ. ಅದು ಬಂದು ಆರು ತಿಂಗಳಾದ ಮೇಲೆ, ಒಂದು ಕಾಲದಲ್ಲಿ ಆ ಮನೆಯ ಗದ್ದೆಯಲ್ಲಿ ದುಡಿದ ಅಜ್ಜಿಯೊಬ್ಬರ ಮಾತು ರೆಕಾರ್ಡ್ ಮಾಡಲು ಹೋದೆವು. ಕಾಲೇಜಿನ ಹುಡುಗಿ ಕೇಳಿದಳು, "ಅಜ್ಜಿ, ನಿಮ್ಮ ಕಾಲದಲ್ಲಿ ಜೀವನ ಹೇಗಿತ್ತು?" ಅಜ್ಜಿ "ದಾದ ಪನೊಡು ಮಗಾ?" ಅಂದರು. ಏನು ಹೇಳಲಿ ಮಗಾ, ಅಂತ. "ಕಷ್ಟ ಇತ್ತು" ಅಂತ ಸುಮ್ಮನಾದರು.

ಆಗ ಕಳಸೆಯನ್ನು ಅವರ ಮುಂದೆ ಇಟ್ಟೆವು. ಅಜ್ಜಿ ಅದನ್ನು ತೊಡೆಯ ಹತ್ತಿರ ಎಳೆದುಕೊಂಡು, ಬರೀ ಗಾಳಿಯನ್ನೇ ಅಂಗೈಯ ಅಂಚಿನಿಂದ ಬಾಯಿಗೆ ಸಮ ಬಳಿದರು. "ನಮಗೆ ಕೂಲಿ ಕೊಡುವಾಗ ಹೀಗೆ" ಅಂದರು. ಆಮೇಲೆ ಎರಡೂ ಕೈಯನ್ನು ಗೋಪುರದ ಹಾಗೆ ಮೇಲೆ ಹಿಡಿದು, "ಗೇಣಿ ಅಳೆಯುವಾಗ ಹೀಗೆ" ಅಂದರು. ಕಳಸೆ ಅದೇ. ಕೊಡುವಾಗ ಬಳಿದದ್ದು, ತೆಗೆದುಕೊಳ್ಳುವಾಗ ರಾಶಿ. ಮುಂದೆ ಒಂದೂವರೆ ಗಂಟೆ ಅವರು ನಿಲ್ಲಿಸಲಿಲ್ಲ.

ಹಾಗಾಗಿ ಬರಿಗೈಯಲ್ಲಿ ಹೋಗಬೇಡಿ. ಒಂದು ವಸ್ತುವೋ ಫೋಟೋವೋ ಕೈಗೆ ಕೊಡಿ. ಇಸವಿ ಕೇಳಬೇಡಿ. ಹಿರಿಯರ ಲೆಕ್ಕ ಬೇರೆ: ಡಿಕ್ಲರೇಶನ್ ಕೊಟ್ಟ ವರ್ಷ, ದೊಡ್ಡ ಮಗ ಹುಟ್ಟುವ ಮುಂಚೆ, ನೆರೆ ಬಂದ ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು). ನೇತ್ರಾವತಿ ಬದಿಯವರಿಗೆ 1923ರ ಮಾರಿಬೊಳ್ಳ (ಮಹಾ ನೆರೆ) ಅಪ್ಪ ಅಜ್ಜಂದಿರ ಬಾಯಿಂದ ಬಂದ ಗುರುತು, 1974ರ ನೆರೆ ಕಣ್ಣಾರೆ ಕಂಡ ಗುರುತು. ಅವರು ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಯಾವುದರಲ್ಲಿ ಮಾತಾಡುತ್ತಾರೋ ಅದರಲ್ಲೇ ರೆಕಾರ್ಡ್ ಆಗಲಿ. "ಕನ್ನಡದಲ್ಲಿ ಹೇಳಿ" ಅಂದರೆ ಅರ್ಧ ಶಬ್ದ ಸತ್ತುಹೋಗುತ್ತದೆ. ಕನ್ನಡದ ಸಾರಾಂಶ ಆಮೇಲೆ ನೀವು ಬರೆದುಕೊಳ್ಳಿ.

ಮೊಬೈಲು ಸಾಕು. ಏರೋಪ್ಲೇನ್ ಮೋಡಿನಲ್ಲಿಡಿ, ಸೆರಗಿಗೋ ಅಂಗಿಗೋ ಸಿಕ್ಕಿಸುವ ಮೈಕು ಹಾಕಿ, ಫ್ಯಾನು ನಿಲ್ಲಿಸಿ, ವೇವ್ ಕಡತದಲ್ಲಿ ಉಳಿಸಿ. ಮೊದಲು ತಾರೀಕು, ಜಾಗ, ಹೆಸರು ಗಟ್ಟಿಯಾಗಿ ಹೇಳಿ. ಮುಗಿದ ಮೇಲೆ ಒಪ್ಪಿಗೆ ಕೇಳಿ: ಎಲ್ಲರಿಗೂ ಕೇಳಿಸಬಹುದಾ, ಯಾವ ಭಾಗ ಬೇಡ, ಎಷ್ಟು ವರ್ಷ ಮುಚ್ಚಿಡಬೇಕು. ಕಳಸೆಯ ಆ ಮಾತನ್ನು ಹಾಕುವ ಮೊದಲು ನಾವು ಅಜ್ಜಿಯನ್ನು ಎರಡು ಸಲ ಕೇಳಿದೆವು, ಕಳಸೆ ಕೊಟ್ಟ ಮನೆಯವರಿಗೂ ಹೋಗಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದದ್ದು ಹೌದು, ಹಾಕಿ" ಅಂದರು.

ಹಂತ 8: ಊರಿಗೆ ವಾಪಸು ಕೊಡುವುದು

ಚೀಟಿಯಲ್ಲಿ "ಕಳಸೆ, ಪ್ರಾಚೀನ ಅಳತೆಯ ಸಾಧನ" ಅಂತ ಬರೆದರೆ ಯಾರೂ ನಿಂತು ಓದುವುದಿಲ್ಲ. ನಮ್ಮ ಚೀಟಿ ಈಗ ಹೀಗಿದೆ: "ಕಳಸೆ. 14 ಸೇರು ಹಿಡಿಯುತ್ತದೆ. ಕೂಲಿ ಕೊಡುವಾಗ ಬಾಯಿಗೆ ಸಮ ಬಳಿಯುತ್ತಿದ್ದರು, ಗೇಣಿ ಅಳೆಯುವಾಗ ರಾಶಿ ಹಾಕುತ್ತಿದ್ದರು ಅಂತ ಈ ಗದ್ದೆಯಲ್ಲಿ ದುಡಿದ ಅಜ್ಜಿಯೊಬ್ಬರು ಹೇಳಿದ್ದಾರೆ. ಅವರ ಮಾತು ಕೇಳಲು ಪಕ್ಕದ ಗುಂಡಿ ಒತ್ತಿ." 40 ಶಬ್ದದ ಒಳಗೆ ಬರೆಯಿರಿ. ಅಕ್ಷರ ದೊಡ್ಡದಿರಲಿ, ಓದಲು ಬರುವವರಲ್ಲಿ ಅರ್ಧ ಜನ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ. ತುಳು ಹೆಸರು ಕನ್ನಡ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿರಲಿ.

ಮಕ್ಕಳಿಗೆ ಬೇರೆ ಪೆಟ್ಟಿಗೆ ಮಾಡಿ. ಎರಡೆರಡು ಬಂದ ವಸ್ತುಗಳು, ಮುಟ್ಟಿದರೆ ಪರವಾಗಿಲ್ಲ ಅನ್ನುವಂಥವು: ಸೇರು, ಪಾವು, ಮುಟ್ಟಾಳೆ (ಹಾಳೆಯ ಟೊಪ್ಪಿ), ಗೊರಬೆ (ಮಳೆಗೆ ಹೊದೆಯುವ ಎಲೆಯ ಹೊದಿಕೆ), ಚೆನ್ನೆಮಣೆ. ಪೆಟ್ಟಿಗೆ ಶಾಲೆಯಿಂದ ಶಾಲೆಗೆ ಹೋಗುತ್ತದೆ, ಒಂದು ವಾರ ಅಲ್ಲೇ ಇರುತ್ತದೆ. ಸೇರಿನಲ್ಲಿ ಅಕ್ಕಿ ಅಳೆದು ತಕ್ಕಡಿಯಲ್ಲಿ ತೂಗಿ ನೋಡುವುದು ಗಣಿತದ ಪಾಠವೂ ಆಗುತ್ತದೆ. ಏಳೇಳು ಗುಳಿಯ ಎರಡು ಸಾಲಿನ ಚೆನ್ನೆಮಣೆ ಮುಂದೆ ಕೂತ ಮಕ್ಕಳನ್ನು ಎಬ್ಬಿಸುವುದೇ ಕಷ್ಟ.

ಆಟಿ ತಿಂಗಳಲ್ಲಿ ಕೆಲಸ ಕಡಿಮೆ, ಜನ ಸಿಗುತ್ತಾರೆ. ಒಂದು ಭಾನುವಾರ ಜಗಲಿಯಲ್ಲಿ ಹೆಸರಿಲ್ಲದ ಫೋಟೋಗಳನ್ನು ದೊಡ್ಡದು ಮಾಡಿ ಸಾಲಾಗಿ ಹಾಕಿ. ಪಕ್ಕದಲ್ಲಿ ಪೆನ್ಸಿಲ್, ಚೀಟಿ. "ಇದು ನಮ್ಮ ದೊಡ್ಡಮ್ಮ ಅಲ್ವಾ?" ಅನ್ನುವ ದನಿ ಕೇಳಲು ಶುರುವಾಗುತ್ತದೆ. ಜಾತ್ರೆಗೆ, ಬಯಲಾಟಕ್ಕೆ ಒಂದು ಮೇಜು ಹಾಕಿ, ಪ್ರತಿಗಳನ್ನು ಮಾತ್ರ ಒಯ್ಯಿರಿ. ಮೂಲ ವಸ್ತುವನ್ನು ಇಂಥ ಗದ್ದಲಕ್ಕೆ ಒಯ್ಯಬಾರದು.

ಬಾಗಿಲ ಹತ್ತಿರ ಒಂದು ತಿದ್ದುಪಡಿ ಪುಸ್ತಕ ಇಡಿ. ಬಂದವರು "ಇದು ತಪ್ಪು" ಅಂತ ಬರೆಯಲಿ. ಒಮ್ಮೆ ಒಬ್ಬರು ಮರದ ಕೆಲಸದವರು ಬಂದು ಕಳಸೆಯನ್ನು ಮಗುಚಿ, ಅಡಿಯ ಸುಟ್ಟ ಗುರುತಿನ ಮೇಲೆ ಬೆರಳಾಡಿಸಿ, ಅದು ಅಕ್ಷರ ಅಲ್ಲ, ತನ್ನ ಅಜ್ಜ ಹಾಕುತ್ತಿದ್ದ ಗುರುತು ಅಂತ ಬರೆದು ಹೋದರು. ಮರುದಿನವೇ ಅವರ ಮನೆಗೆ ಹೋಗಿ ಅದೇ ಗುರುತಿರುವ ಇನ್ನೆರಡು ಸೇರು ನೋಡಿ ಬಂದೆವು. ದಾಖಲೆ ಪುಸ್ತಕದಲ್ಲಿ 2022.31.1ರ ಮುಂದೆ "ಮಾಡಿದವರು: ಗೊತ್ತಿಲ್ಲ" ಅನ್ನುವುದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅವರ ಅಜ್ಜನ ಹೆಸರು, ಹೇಳಿದವರ ಹೆಸರು, ತಾರೀಕು ಬರೆದೆವು.